ಮೂಲಗಳಿಗೂ ಸಹಗುಣಕಗಳಿಗೂ ಇರುವ ಸಂಬಂಧ ಕುದುರಿದ್ದು

೧

ಈ ಕಥೆಯ ಮೊದಲ ಸಾಲು x² − 7x + 12 = 0 ಎಂದಿರಬೇಕು ಅಂತ ನನಗೆ ಬಹಳ ಆಸೆಯಿತ್ತು. ಬರೆದೂ ಬರೆದೆ. ನನ್ನ ಹೆಂಡತಿ ಓದಿ, "ಹಿಂಗೆ ಶುರು ಮಾಡಿದ್ರೆ ಲೆಕ್ಕದಲ್ಲಿ ಫೇಲಾದೋರು ಯಾರೂ ಎರಡನೇ ಸಾಲಿಗೆ ಬರಲ್ಲ" ಎಂದಳು. ಲೆಕ್ಕದಲ್ಲಿ ಫೇಲಾದವರನ್ನು ಬಿಟ್ಟರೆ ಕನ್ನಡ ಕಥೆಗೆ ಓದುಗರು ಎಲ್ಲಿ ಉಳಿಯುತ್ತಾರೆ? (ಬರೆಯುವವರಂತೂ ಉಳಿಯುವುದೇ ಇಲ್ಲ.) ಹೊಡೆದುಹಾಕಿದೆ.

ಆಮೇಲೆ, "ಸಾವಿರದ ಒಂಬೈನೂರ ಎಂಬತ್ತನಾಲ್ಕರ ಒಂದು ಮುಂಜಾನೆ ಕನಕಪುರದ ಆಕಾಶದಲ್ಲಿ" ಎಂದು ಬರೆದು ನಿಲ್ಲಿಸಿದೆ. ಆಕಾಶದಲ್ಲಿ ಏನಿತ್ತೆಂದು ನನಗೆ ಗೊತ್ತಿರಲಿಲ್ಲ.

ಕಡೆಗೆ ಕಥಾನಾಯಕಿಯನ್ನೇ ಕೇಳಿದೆ. ಆಕೆ ಹೈಸ್ಕೂಲಿನಲ್ಲಿ ಗಣಿತದ ಮೇಡಂ. "ದತ್ತ ಅಂತ ಬರೀರಿ. ಅದರ ಕೆಳಗೆ ನಿಮಗೆ ಗೊತ್ತಿರೋದನ್ನ ಬರೀರಿ. ಗೊತ್ತಿಲ್ಲದ್ದು ತಾನಾಗೇ ಬತ್ತದೆ. ನಮ್ಮ ಮಕ್ಕಳಿಗೂ ಅದೇ ಹೇಳೋದು" ಎಂದರು.

ಸರಿ ಹಾಗಾದರೆ. ದತ್ತ: ಗಂಗಲಕ್ಷ್ಮಮ್ಮ. ಕನಕಪುರದವರು. ಊರಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದ ಸರ್ಕಾರಿ ಹೈಸ್ಕೂಲಿನಲ್ಲಿ ಕೆಲಸ. ಮೂವತ್ತರ ಹತ್ತಿರ ಬಂದರೂ ಮದುವೆಯಾಗಿಲ್ಲ. ಕಾರಣ, ಹುಟ್ಟಿದ್ದು ಮೂಲಾ ನಕ್ಷತ್ರದಲ್ಲಿ.

೨

ಮೂಲಾ ನಕ್ಷತ್ರದ ಹೆಣ್ಣು ಮನೆಗೆ ಬಂದರೆ ಮಾವ ಉಳಿಯುವುದಿಲ್ಲ ಎಂಬುದು ಆ ಕಡೆಯ ನಂಬಿಕೆ. (ಆ ಕಡೆಯದಷ್ಟೇ ಅಲ್ಲ. ನಿಮ್ಮ ಮನೆಯಲ್ಲೂ ಒಮ್ಮೆ ಕೇಳಿ ನೋಡಿ.) ಗಂಗಲಕ್ಷ್ಮಮ್ಮನನ್ನು ನೋಡಲು ಬಂದವರು ಉಪ್ಪಿಟ್ಟು ತಿಂದು, ಹುಡುಗಿ ಲಕ್ಷಣವಾಗಿದಾಳೆ ಎಂದು ಹೇಳಿ, ಜಾತಕ ತೆರೆದ ಕೂಡಲೇ ಚಪ್ಪಲಿ ಹುಡುಕುತ್ತಿದ್ದರು. ಮಗನಿಗೆ ಹೆಂಡತಿ ತರಲು ಬಂದ ಅಪ್ಪ ತನ್ನ ಜೀವ ಕೈಯಲ್ಲಿ ಹಿಡಿದು ಬಸ್‌ಸ್ಟ್ಯಾಂಡಿನ ಕಡೆ ಓಡುವುದನ್ನು ಆಕೆ ಕಿಟಕಿಯಿಂದ ನೋಡಿ ನಗುತ್ತಿದ್ದರಂತೆ. ಆಕೆಯ ತಂದೆ ಕೃಷ್ಣಪ್ಪನಿಗೆ ಮಾತ್ರ ನಗು ಬರುತ್ತಿರಲಿಲ್ಲ.

ಇದು ಸಾಲದು ಎಂಬಂತೆ ಹತ್ತನೇ ತರಗತಿಗೆ ಆಕೆ ಪ್ರತಿ ವರ್ಷ ಮಾಡಬೇಕಾದ ಪಾಠದ ಹೆಸರು "ವರ್ಗ ಸಮೀಕರಣದ ಮೂಲಗಳಿಗೂ ಸಹಗುಣಕಗಳಿಗೂ ಇರುವ ಸಂಬಂಧ." ಮೂಲ ಎಂಬ ಮಾತು ಬಂದರೆ ಹಿಂದಿನ ಬೆಂಚು ಕಿಸಕ್ಕೆನ್ನುತ್ತಿತ್ತು. ಸಂಬಂಧ ಎಂದರೆ ಮುಂದಿನ ಬೆಂಚೂ ಸೇರಿಕೊಳ್ಳುತ್ತಿತ್ತು.

"x ಇರೋ ಜಾಗದಲ್ಲಿ ಮೂಲವನ್ನ ಹಾಕಿದ್ರೆ ಇಡೀ ಬೀಜೋಕ್ತಿ ಸೊನ್ನೆ ಆಗ್ಬೇಕು" ಎಂದು ಆ ವರ್ಷ ಆಕೆ ಬೋರ್ಡಿನ ಮೇಲೆ ಬರೆದಾಗ ಮುನ್ನೀ ಎಂಬ ಹುಡುಗಿ ಎದ್ದು ನಿಂತಳು. ತರಲೆಯಲ್ಲ, ನಿಜವಾಗಿಯೂ ಗೊತ್ತಿಲ್ಲದೆ ಕೇಳುವ ಮಗು.

"ಮೇಡಂ, ಮೂಲ ಬಂದ್ರೆ ಎಲ್ಲಾ ಸೊನ್ನೆ ಆಗೋಯ್ತದಾ?"

ಹಿಂದಿನ ಬೆಂಚು ತಲೆ ಬಗ್ಗಿಸಿತು. ಊರಿಗೆಲ್ಲ ಮೇಡಂ ನಕ್ಷತ್ರ ಗೊತ್ತಿತ್ತು.

"ಆಯ್ತದೆ ಕಣೆ" ಎಂದರು ಗಂಗಲಕ್ಷ್ಮಮ್ಮ. "ಸಮೀಕರಣದಲ್ಲಿ ಆ ಕಡೆ ಸೊನ್ನೆ ತಾನೆ ಇರೋದು? ಸೊನ್ನೆ ಬರಲಿಲ್ಲ ಅಂದ್ರೇನೇ ತಪ್ಪು. ಕೂತ್ಕೊ, ಬರ್ಕೊ."

೩

ಈಗ ಗಂಡು ಬರಬೇಕು. ಬಂದ.

ಮಾಗಡಿಯ ಚಲುವಯ್ಯ, ಕರೆಂಟ್ ಇಲಾಖೆಯಲ್ಲಿ ಲೈನ್‌ಮನ್. ಜೊತೆಗೆ ಬಂದವನು ಸೋದರಮಾವ ಚಿಕ್ಕಹನುಮಯ್ಯ, ಹುಡುಗನ ತಾಯಿಯ ಅಣ್ಣ. ಸಂಬಂಧದ ಮಾತೆಲ್ಲ ಅವನದೇ. ಕೃಷ್ಣಪ್ಪ ಜಾತಕ ಮುಂದಿಟ್ಟಾಗ ಚಿಕ್ಕಹನುಮಯ್ಯ ಅದನ್ನು ಬಿಚ್ಚಲೇ ಇಲ್ಲ.

"ಗೊತ್ತಿದ್ದೇ ಬಂದಿದೀವಿ ಬುಡಿ. ನಮ್ಮ ಮನೇಲಿ ಮಾವ ಅನ್ನೋನಿಲ್ಲ. ನಮ್ಮ ಬಾವ ಇಲ್ಲ. ಹುಡುಗ ಚಿಕ್ಕೋನಿದ್ದಾಗ್ಲೇ..." ಎಂದು ಹೇಳಿ, ವಾಕ್ಯ ಮುಗಿಸದೆ ಕಣ್ಣೊರೆಸಿಕೊಂಡ.

ಕೃಷ್ಣಪ್ಪ ಮುಗಿಯದ ವಾಕ್ಯವನ್ನು ತಾನೇ ಮನಸ್ಸಿನಲ್ಲಿ ಮುಗಿಸಿಕೊಂಡು ದೇವರಿಗೆ ಕೈಮುಗಿದ. (ಓದುಗರೇ, ಮುಗಿಸದ ವಾಕ್ಯದ ಬಗ್ಗೆ ನೀವಾದರೂ ಹುಷಾರಾಗಿರಿ.)

ಚಲುವಯ್ಯ ಕಾಫಿ ಲೋಟ ಹಿಡಿದುಕೊಂಡು, "ಈಗ ಯಾವ ಪಾಠ ನಡೀತೈತೆ?" ಎಂದು ಕೇಳಿದ. ಅಡುಗೆ ಬರುತ್ತದಾ, ಹಾಡು ಬರುತ್ತದಾ ಎಂದು ಕೇಳಿದವರನ್ನಷ್ಟೇ ನೋಡಿದ್ದ ಆಕೆಗೆ ಆಶ್ಚರ್ಯವಾಯಿತು. ಹೇಳಿದರು.

"ಅದರಲ್ಲೇ ನಾನು ಎಸ್ಸೆಸ್ಸೆಲ್ಸಿಲಿ ಮುಗ್ಗರಿಸಿದ್ದು. ಒಸಿ ಹೇಳ್ತೀರಾ?"

ಆಕೆ ಪಂಚಾಂಗದ ಹಿಂದಿನ ಖಾಲಿ ಪುಟದ ಮೇಲೆ ಬರೆದೇಬಿಟ್ಟರು: x² − 7x + 12 = 0. "ಇದಕ್ಕೆ ಎರಡು ಮೂಲ. ಯಾವು ಅಂತ ಗೊತ್ತಿಲ್ಲ. ಆದ್ರೆ ಹುಡುಕೋಕ್ ಮುಂಚೇನೇ ಸಮೀಕರಣ ನಮಗೆ ಹೇಳ್ಬುಟ್ಟಿರ್ತದೆ. ನಡುವಿನ ಸಹಗುಣಕದ ಚಿಹ್ನೆ ತಿರುಗಿಸಿ ನೋಡಿ, ಏಳು. ಎರಡನ್ನೂ ಕೂಡಿದ್ರೆ ಏಳು ಬರ್ಬೇಕು. ಕಡೇದು ಹನ್ನೆರಡು. ಗುಣಿಸಿದ್ರೆ ಹನ್ನೆರಡು ಬರ್ಬೇಕು. x² ಮುಂದೆ ಬೇರೆ ಸಂಖ್ಯೆ ಇದ್ರೆ ಎರಡನ್ನೂ ಅದರಿಂದ ಭಾಗಿಸ್ಬೇಕು, ಅಷ್ಟೇ."

ಚಲುವಯ್ಯ ತುಟಿ ಅಲ್ಲಾಡಿಸಿದ. "ಮೂರು, ನಾಕು."

"ಹ್ಞೂಂ. ಒಂದು ಮೂರು ಅಂತ ಗೊತ್ತಾದ್ರೆ ಇನ್ನೊಂದನ್ನ ಹುಡುಕೋಂಗೇ ಇಲ್ಲ. ಏಳರಲ್ಲಿ ಮೂರು ಕಳೀರಿ. ಅದು ಎಲ್ಲಿ ಬಚ್ಚಿಟ್ಕೊಂಡಿದ್ರೂ ಸಿಕ್ಕೊಳ್ತದೆ."

"ಎಷ್ಟು ಸಲೀಸಾಗೈತೆ. ನಮಗೆ ಬರೀ ಬಾಯಿಪಾಠ ಮಾಡ್ಸವ್ರೆ" ಎಂದ ಚಲುವಯ್ಯ. ಆಮೇಲೆ ಕಾಫಿ ಕುಡಿದ. ಅದು ತಣ್ಣಗಾಗಿತ್ತು. ತಣ್ಣಗಾಗಿದೆ ಎಂದು ಅವನು ಹೇಳಲಿಲ್ಲ. ಇದಿಷ್ಟನ್ನೂ ನೋಡಿ ಗಂಗಲಕ್ಷ್ಮಮ್ಮ ಒಳಗೆ ಹೋಗಿ ಅಪ್ಪನಿಗೆ, "ನಂಗೆ ಒಪ್ಪಿಗೆ" ಎಂದರು.

೪

ಆ ಬೇಸಿಗೆಯಲ್ಲಿ ಆಕೆಗೆ ಮಾಗಡಿಯ ಒಂದು ಪರೀಕ್ಷಾ ಕೇಂದ್ರಕ್ಕೆ ಡ್ಯೂಟಿ ಬಿತ್ತು. ಮದುವೆ ನಿಶ್ಚಯವಾಗಿತ್ತು, ಇನ್ನೂ ಒಂದು ತಿಂಗಳಿತ್ತು. ಮಧ್ಯಾಹ್ನ ಪೇಪರ್ ಕಟ್ಟುಗಳನ್ನು ಒಪ್ಪಿಸಿ ಹೊರಬಂದಾಗ, ಮುಂದಿನ ಬೀದಿಯಲ್ಲೇ ಅತ್ತೆಮನೆ ಎಂದು ಗೊತ್ತಾಯಿತು. ಹುಡುಗನ ತಾಯಿಯನ್ನು ಆಕೆ ಇನ್ನೂ ನೋಡಿರಲಿಲ್ಲ. ಹುಷಾರಿಲ್ಲ ಎಂದು ಚಿಕ್ಕಹನುಮಯ್ಯ ಹೇಳಿದ್ದ. ಹಣ್ಣು ತೆಗೆದುಕೊಂಡು ಬಾಗಿಲು ಬಡಿದರು.

ಬಾಗಿಲು ತೆಗೆದದ್ದು ಹುಡುಗನ ತಾಯಿ ಬೋರಮ್ಮ. ಗಟ್ಟಿಮುಟ್ಟಾದ ಹೆಂಗಸು, ಕಾಯಿಲೆಯ ಸುಳಿವಿಲ್ಲ. ಕೈತುಂಬ ಹಸಿರು ಬಳೆ, ಹಣೆಯಲ್ಲಿ ಕಾಸಗಲ ಕುಂಕುಮ, ತುರುಬಿನಲ್ಲಿ ಆಗತಾನೆ ಮುಡಿದ ಕನಕಾಂಬರ.

"ಯಾರವ್ವ? ಬಾ ಒಳಕ್ಕೆ."

"ಕನಕಪುರದೋಳು. ಗಂಗಲಕ್ಷ್ಮಮ್ಮ."

ಬೋರಮ್ಮನ ಕೈ ತಟ್ಟನೆ ಹಣೆಗೆ ಹೋಯಿತು. ಅಷ್ಟರಲ್ಲಿ ಕಾಣಬೇಕಾದ್ದೆಲ್ಲ ಕಂಡಾಗಿತ್ತು. ಲೆಕ್ಕದ ಮೇಡಂಗೆ ಕಳೆಯುವ ಲೆಕ್ಕ ಕಷ್ಟವೇ? ಕುಂಕುಮ ಇದೆ ಎಂದ ಮೇಲೆ ಇಬ್ಬರಿದ್ದಾರೆ. ಒಬ್ಬರು ಎದುರಿಗಿದ್ದಾರೆ. ಇನ್ನೊಬ್ಬರು ಎಲ್ಲೋ ಇದ್ದಾರೆ.

"ನೋಡ್ಬುಟ್ಟಲ್ಲವ್ವ" ಎಂದರು ಬೋರಮ್ಮ.

"ನೋಡ್ದೆ. ಮಾವನೋರು ಎಲ್ಲಿದಾರೆ?"

ಬೋರಮ್ಮ ಚಾಪೆ ಹಾಸಿ, ನೀರು ತಂದಿಟ್ಟು, ಎದುರಿಗೆ ಕೂತು ಎಲ್ಲ ಹೇಳಿದರು. ಗಂಡನ ಹೆಸರು ಮುನಿಶಾಮಯ್ಯ. (ಅವರು ಹೆಸರು ಹೇಳಲಿಲ್ಲ, 'ಇವನ ಅಪ್ಪ' ಎಂದರು. ಹೆಸರು ನಾನು ಹೇಳುತ್ತಿದ್ದೇನೆ.) ಮನೆ ಅಳಿಯನಾಗಿ ಬಂದವನು. ಮನೆಯ ಯಜಮಾನಿಕೆ ಚಿಕ್ಕಹನುಮಯ್ಯನದು. ಒಂದು ದಿನ ಊಟಕ್ಕೆ ಕೂತಿದ್ದಾಗ ಏನೋ ಮಾತಿಗೆ ಮಾತು ಬೆಳೆದು, ಚಿಕ್ಕಹನುಮಯ್ಯ ಆಳುಗಳೆದುರು "ಕೂಳಿಗೆ ಬಂದೋನು" ಎಂದುಬಿಟ್ಟ. ಮುನಿಶಾಮಯ್ಯ ಮುರಿದ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು, ಕೈ ತೊಳೆದು ಹೊರಟ. ಚಲುವಯ್ಯನಿಗೆ ಆಗ ಇನ್ನೂ ಮೀಸೆ ಬಂದಿರಲಿಲ್ಲ.

"ನೀವು ಕೂಗ್ಲಿಲ್ವಾ?"

"ಅಣ್ಣ ಎದುರಿಗೇ ನಿಂತಿದ್ದ. ಬಾಯಿ ಬರಲಿಲ್ಲ ಕಣವ್ವ. ಬಾಗ್ಲಲ್ಲಿ ಒಂದು ಗಳಿಗೆ ನಿಂತಿದ್ದ ಅವ್ನು, ಬೆನ್ನು ಮಾಡ್ಕೊಂಡು. ಕೂಗ್ತೀನೇನೋ ಅಂತ. ಈಗ ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯೋರ ತಾವ ಅವ್ನೆ. ನಿನ್ನ ನಕ್ಷತ್ರ ಕೇಳಿ ಅಣ್ಣ, 'ಅವ್ನು ಇಲ್ಲ ಅಂತ ಹೇಳಾನ, ಒಳ್ಳೇ ಟೀಚರ್ ಹುಡುಗಿ ಸಿಕ್ತಾಳೆ' ಅಂದ. ಮದ್ವೆ ದಿನ..." ಬೋರಮ್ಮ ಬಳೆಗಳನ್ನು ಮೇಲೆ ಕೆಳಗೆ ಸರಿಸಿದರು. "ಮದ್ವೆ ದಿನ ಇವನ್ನೆಲ್ಲ ತೆಗ್ದು, ಹಣೆ ಒರೆಸ್ಕೊಂಡು, ಮೂಲೇಲಿ ಕುಂತ್ಕೊ ಅಂದವ್ನೆ."

"ಗಂಡ ಬದುಕಿರ್ವಾಗ್ಲಾ?"

"ಮಗನ ಮದ್ವೆಗೆ ಅಂತ ಒಪ್ಕೊಂಡೀನಿ."

ಇಲ್ಲಿ ನಾನು ಗಂಗಲಕ್ಷ್ಮಮ್ಮನ ಕಣ್ಣಲ್ಲಿ ನೀರು ತರಿಸಬೇಕೆಂದಿದ್ದೆ. ಆಕೆ ಅದಕ್ಕೆ ಬಿಡುವು ಕೊಡದೆ ಎದ್ದು, "ನಿಮ್ಮ ಮಗ ಎಲ್ಲಿ?" ಎಂದರು.

೫

ಮಗ ಕಂಬದ ಮೇಲಿದ್ದ.

ಮೊದಲ ಕರಡಿನಲ್ಲಿ ಚಲುವಯ್ಯನನ್ನು ನಾನು ಖಳನಾಯಕ ಮಾಡಿದ್ದೆ. ತಂದೆಯನ್ನು ಬದುಕಿದ್ದಾಗಲೇ ಕೊಂದ ಮಗ. ಒಳ್ಳೆಯ ಪಾತ್ರವಾಗುತ್ತಿತ್ತು. ಎರಡನೆಯ ಕರಡಿನಲ್ಲಿ ಗಂಗಲಕ್ಷ್ಮಮ್ಮ ಸಂಬಂಧ ಮುರಿದು, ಒಂಟಿಯಾಗಿ, ತಲೆಯೆತ್ತಿ ಶಾಲೆಯ ಕಡೆ ನಡೆದುಹೋಗುತ್ತಿದ್ದರು. ಹಿಂದಿನಿಂದ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಅದನ್ನು ಓದಿಸಿದಾಗ ಆಕೆ, "ಚಪ್ಪಾಳೆ ನಿಮಗೆ, ಒಂಟಿತನ ನನಗಾ? ನಂಗೆ ಅವರು ಇಷ್ಟ ಆಗಿದಾರೆ ಅಂತ ನೀವೇ ಬರೆದಿದೀರಲ್ಲ, ಹಿಂದಿನ ಪುಟದಲ್ಲಿ" ಎಂದುಬಿಟ್ಟರು. ಹರಿದೆ.

ಹಾಗಾಗಿ ಈಗ ಬಿಸಿಲಲ್ಲಿ ಕಂಬ, ಕಂಬದ ಮೇಲೆ ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡ ಚಲುವಯ್ಯ, ಕೆಳಗೆ ಛತ್ರಿ ಹಿಡಿದ ಮೇಡಂ.

"ಇಳೀರಿ ಸ್ವಲ್ಪ."

"ಲೈನ್ ಆಫ್ ಮಾಡ್ಸಿದೀನಿ. ಇಡೀ ಬೀದಿಗೆ ಕರೆಂಟಿಲ್ಲ. ಕಟ್ಬುಟ್ಟು ಬತ್ತೀನಿ."

"ನಿಮ್ಮ ತಂದೆ ರಾಮನಗರದಲ್ಲಿದಾರಂತೆ."

ಮೇಲಿಂದ ಕಟಿಂಗ್ ಪ್ಲೇಯರ್ ಧಡ್ ಎಂದು ಬಿತ್ತು. ಆಕೆ ಅದನ್ನು ಎತ್ತಿಕೊಂಡು ಕಾದರು. ಚಲುವಯ್ಯ ಇಳಿದು ಬಂದು, ನೆಲ ನೋಡುತ್ತಾ ನಿಂತ.

"ಬೇಕಂತ ಹೋದೋರು. ಒಂದಿನ ತಿರುಗಿ ನೋಡ್ಲಿಲ್ಲ. ಇಲ್ಲ ಅಂದ್ರೆ ಏನು ಸುಳ್ಳು?"

"ನಿಮಗೆ ಇಲ್ಲ ಅನ್ನಿ, ಕೇಳೋಕೆ ನಾನ್ಯಾರು? ನಿಮ್ಮ ಅವ್ವ ಕುಂಕುಮ ಅಳಿಸ್ಬೇಕಂತಲ್ಲ, ನಿಮಗೆ ಗೊತ್ತಾ?"

ಅವನಿಗೆ ಗೊತ್ತಿರಲಿಲ್ಲ. ಅದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ಸೋದರಮಾವ ಎಲ್ಲವನ್ನೂ ಅವನ ಕಿವಿಗೆ ಹಾಕುತ್ತಿರಲಿಲ್ಲ. ಸೊಂಟದ ಬೆಲ್ಟು ಬಿಚ್ಚುತ್ತಾ, "ಅಪ್ಪ ಬಂದು, ಆಮೇಲೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಿಮ್ಮನ್ನ ಜನ ಸುಮ್ನೆ ಬಿಡ್ತಾರಾ?" ಎಂದ.

"ನಿಮಗೆ ಹೆದರಿಕೆಯಾ?"

"ನಿಮ್ಮ ಬಗ್ಗೆ ಹೆದರಿಕೆ. ನಕ್ಷತ್ರದ್ದಲ್ಲ."

"ಹಂಗಾದ್ರೆ ನಾಳೆ ರಜಾ ಹಾಕಿ" ಎಂದು ಆಕೆ ಪ್ಲೇಯರ್ ಅವನ ಕೈಗಿಟ್ಟರು.

ಅವನು ರಜಾ ಹಾಕಲಿಲ್ಲ. ಅಪ್ಪನ ಮುಖ ನೋಡುವ ಧೈರ್ಯ ಬರಲಿಲ್ಲ. ಆಕೆ ಒಬ್ಬರೇ ರಾಮನಗರಕ್ಕೆ ಹೋದರು. (ಅವನನ್ನೂ ಬಸ್ಸಿಗೆ ಹತ್ತಿಸಲು ಪ್ರಯತ್ನಪಟ್ಟೆ. ಲೈನ್‌ಮನ್‌ಗಳನ್ನು ಮೇಲೆ ಹತ್ತಿಸುವುದು ಸುಲಭ, ಬಸ್ಸಿಗೆ ಕಷ್ಟ.)

೬

ರಾಮನಗರದಲ್ಲಿ ಖುರ್ಷಿದಾ ಎಂಬ ವಿಧವೆ ನಡೆಸುತ್ತಿದ್ದ ನೂಲು ತೆಗೆಯುವ ಶೆಡ್ಡು. ಒಳಗೆ ಹಬೆ. ಬೆಂದ ರೇಷ್ಮೆಗೂಡಿನ ಆ ವಾಸನೆ ಹೊಸಬರಿಗೆ ಹೊಟ್ಟೆ ತೊಳಸುತ್ತದೆ, ಊರವರಿಗೆ ತಿಳಿಯುವುದೇ ಇಲ್ಲ. ಬಿಸಿನೀರಿನ ತೊಟ್ಟಿಯ ಮುಂದೆ ಕೂತು, ತೇಲುವ ಗೂಡುಗಳಿಂದ ಎಳೆ ಹಿಡಿಯುತ್ತಿದ್ದ ಸಣಕಲು ಮನುಷ್ಯನ ಬೆರಳುಗಳು ನೀರಲ್ಲಿ ನೆಂದು ಸುಕ್ಕುಗಟ್ಟಿ ಬೆಳ್ಳಗಾಗಿದ್ದವು.

"ಮುನಿಶಾಮಯ್ಯನೋರು ನೀವೇನಾ?"

"ಹೌದು ಕಣವ್ವ. ಯಾರು?"

"ನಿಮ್ಮ ಮಗನ್ನ ಮದುವೆ ಆಗೋಳು. ನೀವಿಲ್ಲ ಅಂತ ಹೇಳಿ ಸಂಬಂಧ ಮಾಡವ್ರೆ. ನಂದು ಮೂಲಾ ನಕ್ಷತ್ರ."

ಮುನಿಶಾಮಯ್ಯ ಎಳೆ ಬಿಟ್ಟು ನೋಡಿದ. ಆಮೇಲೆ ನಕ್ಕ. ನಕ್ಕು ನಕ್ಕು ಕೆಮ್ಮಿದ. ಕೆಮ್ಮಿದ್ದಕ್ಕೆ ಮತ್ತೆ ನಕ್ಕ.

"ಸತ್ತೋನ ತಾವ ಯಾಕವ್ವ ಬಂದೆ?"

"ಕೇಳೋಕೆ. ಮದುವೆಗೆ ಬತ್ತೀರಾ? ನಿಮಗೆ ಹೆದರಿಕೆ ಇದ್ರೆ ಹೇಳ್ಬುಡಿ, ಬಲವಂತ ಇಲ್ಲ. ನಾನೇ ಸಂಬಂಧ ಬೇಡ ಅಂತೀನಿ. ಬದುಕಿರೋರನ್ನ ಕಳೆದು ನಾನು ಸಂಸಾರ ಮಾಡಲ್ಲ."

"ಕುದಿಯೋ ನೀರಲ್ಲಿ ಕೈ ಆಡ್ಸೋನಿಗೆ ನಕ್ಷತ್ರ ಏನ್ ಮಾಡೀತು?" ಎಂದು ಅವನು ಕೈ ಎತ್ತಿ ತೋರಿಸಿದ. ಆ ಕೈ ಹಾಗೇ ಗಾಳಿಯಲ್ಲಿ ನಿಂತಿತು. ದನಿ ಇಳಿಯಿತು. "ಅವಳು ಕರ್ದವ್ಳಾ?"

ಹೌದು ಎಂದರೆ ಕೆಲಸ ಆಗುತ್ತಿತ್ತು. ನಾನೂ 'ಹೌದು' ಎಂದೇ ಬರೆದಿದ್ದೆ. ಗಂಗಲಕ್ಷ್ಮಮ್ಮ ಹಾಗೆ ಹೇಳಲಿಲ್ಲ.

"ಕರ್ದಿಲ್ಲ. ದಿನಾ ಹೂ ಮುಡೀತಾರೆ."

ಮುನಿಶಾಮಯ್ಯ ತೊಟ್ಟಿಯ ಕಡೆ ತಿರುಗಿದ. ಗೂಡುಗಳು ನೀರಲ್ಲಿ ತಿರುಗುತ್ತಿದ್ದವು, ಯಾವ ಎಳೆಯೂ ಅವನ ಕೈಗೆ ಸಿಗುತ್ತಿರಲಿಲ್ಲ. ಒಲೆಯ ಹತ್ತಿರ ಎಲ್ಲ ಕೇಳಿಸಿಕೊಳ್ಳುತ್ತಿದ್ದ ಖುರ್ಷಿದಾ ಎದ್ದು ಬಂದು ಅವನ ಕೈಯಿಂದ ಗೂಡು ತಿರುಗಿಸುವ ಕಡ್ಡಿ ಕಿತ್ತುಕೊಂಡಳು.

"ಏಳು ಮುನಿಶಾಮಣ್ಣ. ಎಳೆ ಎಲ್ಲಾ ಹಾಳ್ಮಾಡ್ತಾ ಇದೀಯ. ಹೋಗಿ ಒಂದು ಬಿಳೀ ಪಂಚೆ ತಗೋ."

೭

ಊರಲ್ಲಿ ಆದ ಗಲಾಟೆಯನ್ನು ವಿವರಿಸುವುದಿಲ್ಲ. ಚಿಕ್ಕಹನುಮಯ್ಯ ಕನಕಪುರದವರೆಗೂ ಬಂದು ಕೂಗಾಡಿದ. ಕೃಷ್ಣಪ್ಪ ಮಗಳೆದುರು ಕೈಜೋಡಿಸಿದ. "ಬ್ಯಾಡ ಕಣವ್ವ. ನಾಳೆ ಆ ಮನುಷ್ಯಂಗೆ ಒಂದು ನೆಗಡಿ ಬಂದ್ರೂ ನಿನ್ನ ತಲೆಗೆ ಕಟ್ತಾರೆ."

"ಕಟ್ಲಿ ಬುಡಪ್ಪ. ಗಟ್ಟಿ ತಲೆ ಐತೆ."

"ಜೀವ್ನ ಪೂರ್ತಿ ಕಟ್ತಾರೆ."

"ಹೆಂಗೂ ಕಟ್ತಿದ್ರು. ಮಾವ ಸಿಗ್ದೆ ಇದ್ರೆ ಗಂಡನ ಜ್ವರ, ಹಸುವಿನ ಕಾಲು, ಬೋರ್‌ವೆಲ್‌ನ ಮೋಟ್ರು. ಹೆದ್ರುಕೊಂಡು ಎಷ್ಟು ಜನರನ್ನ ಇಲ್ಲ ಅನ್ಸಾನ?"

ಇಷ್ಟಕ್ಕೆ ಕೃಷ್ಣಪ್ಪನ ಹೆದರಿಕೆ ಹೋಯಿತೆಂದು ತಿಳಿಯಬೇಡಿ. ಅದು ಹೋಗಲಿಲ್ಲ. ಹೆದರಿಕೊಂಡೇ ಛತ್ರಕ್ಕೆ ಚಪ್ಪರ ಹಾಕಿಸಿದ.

ಮದುವೆ ಕನಕಪುರದಲ್ಲಿ ನಡೆಯಿತು. ಮುನಿಶಾಮಯ್ಯ ಬಿಳಿ ಪಂಚೆ ಉಟ್ಟು ಬಾಗಿಲಲ್ಲಿ ನಿಂತ. ಒಳಗೆ ಬರಲಿಲ್ಲ. ಚಿಕ್ಕಹನುಮಯ್ಯ ಕಂಬಕ್ಕೊರಗಿ ಅವನನ್ನೇ ನೋಡುತ್ತಿದ್ದ. ವಾದ್ಯದವರು ಊದುವುದನ್ನು ನಿಲ್ಲಿಸಿದರು. ಹೆಂಗಸರ ನಡುವೆ ಕೂತಿದ್ದ ಬೋರಮ್ಮ ಎದ್ದು ನಿಂತರು. ಹಣೆಯ ತುಂಬ ಕುಂಕುಮ.

"ಅಲ್ಲೇ ಯಾಕ್ ನಿಂತೆ? ಬಾ ಒಳಕ್ಕೆ" ಎಂದರು. ದೊಡ್ಡ ದನಿ. ಛತ್ರದ ಹಿಂದೆ ಪಾತ್ರೆ ತೊಳೆಯುವವರಿಗೂ ಕೇಳಿಸಿತು.

ಅವನು ಬಂದ. ಚಲುವಯ್ಯ ಬಾಸಿಂಗ ಕಟ್ಟಿಕೊಂಡೇ ಬಾಗಿ ಅಪ್ಪನ ಕಾಲು ಮುಟ್ಟಿದ. ಅಪ್ಪ ಮಗನ ತೋಳು ಹಿಡಿದೆತ್ತಿ, ಈ ಮೀಸೆ ಯಾವಾಗ ಬಂತು ಎನ್ನುವಂತೆ ಮುಖ ನೋಡಿದ. ಪಕ್ಕದಲ್ಲಿದ್ದ ಸೊಸೆಗೆ, "ನಾನಿನ್ನೂ ಇದೀನಿ ಕಣವ್ವ" ಎಂದ. ಸುತ್ತಲಿದ್ದವರಲ್ಲಿ ಕೆಲವರು ನಕ್ಕರು. ಕೆಲವರು ನಗಲಿಲ್ಲ.

೮ (ಅ)

ಮೊದಲ ಮುಕ್ತಾಯ: ಮದುವೆಯಾದ ವಾರದಲ್ಲಿ ಮುನಿಶಾಮಯ್ಯ ಎದೆ ಹಿಡಿದುಕೊಂಡು ಕುಸಿಯುತ್ತಾನೆ. ಊರು ಬಾಯಿ ತೆರೆಯುತ್ತದೆ. ಗಂಗಲಕ್ಷ್ಮಮ್ಮ ಕ್ಲಾಸಿಗೆ ಹೋಗುತ್ತಾರೆ. ಬೋರ್ಡಿನ ಮೇಲೆ ಸೊನ್ನೆ ಬರೆಯುತ್ತಾರೆ. (ಇದಕ್ಕೆ ಬಹುಮಾನ ಬರುವ ಸಾಧ್ಯತೆ ಇದೆ.)

೮ (ಆ)

ಎರಡನೆಯ ಮುಕ್ತಾಯ: ಮುನಿಶಾಮಯ್ಯ ಮೊಮ್ಮಕ್ಕಳ ಮದುವೆ ಮಾಡಿಸಿ, ತೊಂಬತ್ತು ದಾಟಿ, ಜ್ಯೋತಿಷಿಗಳನ್ನೆಲ್ಲ ಮೇಲಕ್ಕೆ ಕಳಿಸಿ, ತಾನು ಮಾತ್ರ ಉಳಿಯುತ್ತಾನೆ. (ಇದಕ್ಕೆ ಚಪ್ಪಾಳೆ ಬರುತ್ತದೆ.)

ಎರಡನ್ನೂ ಆಕೆಯ ಮುಂದಿಟ್ಟೆ. ಯಾವುದು ಬೇಕೋ ಆರಿಸಿಕೊಳ್ಳಿ ಎಂದೆ. ಲೇಖಕನೊಬ್ಬ ಇಷ್ಟು ಧಾರಾಳಿಯಾಗುವುದು ಅಪರೂಪ. ಆಕೆ ಎರಡನ್ನೂ ಓದಿ, ಉತ್ತರ ಪತ್ರಿಕೆ ತಿದ್ದುವವರಂತೆ ಅಡ್ಡಗೆರೆ ಎಳೆದರು.

"ಯಾಕೆ? ಒಂದರಲ್ಲಿ ನೀವು ಗೆದ್ದಿದೀರಲ್ಲ."

"ಅವರು ಬೇಗ ಹೋದ್ರೆ ನಕ್ಷತ್ರ ಸರಿ, ಬಹಳ ದಿನ ಇದ್ರೆ ನಕ್ಷತ್ರ ತಪ್ಪು. ಎರಡರಲ್ಲೂ ನೀವು ಲೆಕ್ಕ ಇಟ್ಟಿರೋದು ನಕ್ಷತ್ರಕ್ಕೇ. ಆ ಮನುಷ್ಯ ಎಂದಾದ್ರೂ ಒಂದಿನ ಹೋಗ್ತಾರೆ, ನೀವೂ ಹೋಗ್ತೀರಿ, ನಿಮ್ಮ ಸೊಸೆ ನಕ್ಷತ್ರ ಯಾವ್ದು?"

ನಾನು ಹೇಳಲಿಲ್ಲ.

"ಹಂಗೇ ಇರ್ಲಿ. ಅವರು ಯಾವಾಗ ಹೋದ್ರು ಅಂತ ಬರೀಬೇಡಿ. ಓದೋರು ಕೇಳಿದ್ರೆ, ಯಾಕೆ ಕೇಳ್ತಿದೀರಿ ಅಂತ ಅವರನ್ನೇ ಕೇಳಿ."

ಓದುಗರೇ, ಯಾಕೆ ಕೇಳುತ್ತಿದ್ದೀರಿ?

೯

ನನಗೆ ಗೊತ್ತಿರುವಷ್ಟನ್ನು ಹೇಳಿ ಮುಗಿಸುತ್ತೇನೆ. (ಮುಗಿಸುವುದಿಲ್ಲ.)

ಧಾರೆಯ ಮರುದಿನ ಗಂಡಿನ ಕಡೆಯವರ ಬಸ್ಸು ಕನಕಪುರದಿಂದ ಮಾಗಡಿಗೆ ಹೊರಟಿತು. ಆ ದಾರಿ ರಾಮನಗರದ ಮೇಲೆ ಹೋಗುತ್ತದೆ. ಮುಂದಿನ ಸೀಟಿನಲ್ಲಿ ಮದುಮಕ್ಕಳು. ಚಲುವಯ್ಯ ಹೆಂಡತಿಗೆ ದಾರಿಯ ಕಂಬಗಳನ್ನು ತೋರಿಸುತ್ತಾ, ಯಾವುದಕ್ಕೆ ಯಾವ ಫೀಡರ್ ಲೈನಿನಿಂದ ಕರೆಂಟು ಎಂದು ಹೇಳುತ್ತಿದ್ದ. ಆಕೆ ನಿಜವಾಗಿಯೂ ಕೇಳಿಸಿಕೊಳ್ಳುತ್ತಿದ್ದರು. ಹಿಂದೆ ಕಿಟಕಿಯ ಪಕ್ಕ ಬೋರಮ್ಮ, ಅವರ ಪಕ್ಕ, ನಡುವೆ ಒಂದು ಬುಟ್ಟಿ ಇಟ್ಟುಕೊಂಡು ಮುನಿಶಾಮಯ್ಯ. ಚಿಕ್ಕಹನುಮಯ್ಯ ಡ್ರೈವರ್ ಪಕ್ಕದಲ್ಲಿ ಬೆನ್ನು ತಿರುಗಿಸಿ ಕೂತಿದ್ದ.

ರಾಮನಗರದ ಸ್ಟಾಪಿನಲ್ಲಿ ಬಸ್ಸು ನಿಂತಿತು. ಖುರ್ಷಿದಾಳ ಶೆಡ್ಡು ಅಲ್ಲಿಂದ ಎರಡು ಬೀದಿ. ಮುನಿಶಾಮಯ್ಯ ಎದ್ದು ಮೇಲಿನ ಕಂಬಿ ಹಿಡಿದುಕೊಂಡ. ಬೋರಮ್ಮ ಕಿಟಕಿಯ ಹೊರಗೆ ನೋಡುತ್ತಲೇ ಬುಟ್ಟಿಯನ್ನು ಎತ್ತಿ ತಮ್ಮ ಮಡಿಲಲ್ಲಿಟ್ಟುಕೊಂಡರು. ಅವನು ಇಳಿಯಲು ದಾರಿಯಾಗಲಿ ಎಂದೋ, ಹತ್ತಿರ ಕೂರಲು ಜಾಗವಾಗಲಿ ಎಂದೋ. ಗಂಗಲಕ್ಷ್ಮಮ್ಮ ತಿರುಗಿ ನೋಡಿ, ಮತ್ತೆ ಕಂಬಗಳ ಕಡೆ ಮುಖ ಮಾಡಿದರು. ಅದು ಅವರಿಬ್ಬರಿಗೆ ಬಿಟ್ಟದ್ದು.

ಡ್ರೈವರ್ ಹಾರ್ನ್ ಹೊಡೆದ. "ಇಳಿಯೋರು ಬೇಗ ಇಳೀರಪ್ಪ!"

ಅಲ್ಲಿಯವರೆಗೂ ಅವರ ಜೊತೆ ಬಂದಿದ್ದ ನಾನು ಮುಂದಿನ ಬಾಗಿಲಿಂದ ಇಳಿದೆ. ಹಿಂದಿನ ಬಾಗಿಲಿಂದ ಯಾರಾದರೂ ಇಳಿದರೋ ಇಲ್ಲವೋ, ತಿರುಗಿ ನೋಡಲಿಲ್ಲ.